ಐದು ಡಿಗ್ರಿಯಲ್ಲಿ ಜಂಬಮ್ಮ

ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡದ್ದೇ ತಡ, ಜಂಬಮ್ಮ ಚಪ್ಪಲಿ ಕಳಚಿದಳು.

“ಇದೇನು ಗುಡಿ ಅಲ್ಲವ್ವ, ಹಾಕ್ಕೋ,” ಎಂದ ಮಗ ದೊಡ್ಡಬಸವರಾಜ.

“ಹೊರಗ ನೆಲ ಕಾದ ಹಂಚಿನಂಗ ಐತಿ. ಅಂಗಾಲು ಸ್ವಲ್ಪ ತಣ್ಣಗಾಗಲಿ ಬಿಡೋ.” ಜಂಬಮ್ಮ ಕಂಬಳಿ ಹೊದ್ದು, ಒಂದು ಮೆಣಸಿನಕಾಯಿ ಚೀಲದ ಮೇಲೆ ಬಸ್ಸಿನ ಕಿಟಕಿ ಸೀಟು ಸಿಕ್ಕವಳಂತೆ ಕುಳಿತಳು. ಮೊಮ್ಮಗಳು ಶೀಲಾ ಪಕ್ಕದಲ್ಲೇ ಒತ್ತಿಕೊಂಡು ಕೂತಳು.

ಮೇ ತಿಂಗಳ ಬಳ್ಳಾರಿ. ಹೊರಗೆ ನಲವತ್ಮೂರು ಡಿಗ್ರಿ, ಒಳಗೆ ಐದು. ಶೀಲಾಳಿಗೆ ಜೂನಿನಲ್ಲಿ ಸ್ಪಿತಿ ಕಣಿವೆಗೆ ಹೋಗಬೇಕಿತ್ತು. ಹಿಮಾಲಯದ ಒಳಗೆ, ಮರವೇ ಇಲ್ಲದ ಬೆಟ್ಟಗಳ ನಡುವೆ, ಬೇಸಿಗೆಯಲ್ಲೂ ರಾತ್ರಿ ಹಲ್ಲು ಕಟಕಟಿಸುವ ಜಾಗ. ಮನೆಯ ಹಿರಿಯರೊಬ್ಬರು ಜೊತೆಗೆ ಹೊರಟರೆ ಮಾತ್ರ ಕಳಿಸುವೆ ಎಂದಿದ್ದ ಅಪ್ಪ, ಯಾರೂ ಹೊರಡಲಾರರೆಂಬ ಧೈರ್ಯದ ಮೇಲೆ. ಎಪ್ಪತ್ತೊಂದರ ಜಂಬಮ್ಮ “ನಾ ಹೋಗ್ತೀನಿ” ಎಂದುಬಿಟ್ಟಳು. ಆಗ ಅವನು ಇನ್ನೊಂದು ಕರಾರು ಹಾಕಿದ. ಪ್ರತಿ ವರ್ಷ ಸಿರುಗುಪ್ಪದಿಂದ ತಾನು ಮೆಣಸಿನಕಾಯಿ ತಂದಿಡುವ ಈ ಕೋಲ್ಡ್ ಸ್ಟೋರೇಜಿನಲ್ಲಿ ಅವ್ವ ಒಂದು ತಾಸು ಕೂತು ತೋರಿಸಬೇಕು. ನಡುವೆ ಎದ್ದರೆ ಇಬ್ಬರ ಪ್ರಯಾಣವೂ ರದ್ದು.

“ಶುರು,” ಎಂದು ಅವನು ಫೋನಿನಲ್ಲಿ ಅಲಾರಂ ಇಟ್ಟ.

ಮ್ಯಾನೇಜರ್ ಹುಲಿಗೇಶ್ ನಗು ತಡೆದುಕೊಂಡು ನಿಂತಿದ್ದ. “ಅಮ್ಮಾರ, ನಮ್ಮ ಹಮಾಲರೂ ಇಷ್ಟು ಹೊತ್ತು ಒಳಗ ಇರಂಗಿಲ್ರಿ. ಚಳಿಗಿಂತ ಘಾಟು ಜಾಸ್ತಿ.”

“ಹದಿನೈದು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸೀನಿ ತಮ್ಮ. ಘಾಟಿಗೇ ನನ್ನ ಕಂಡ್ರ ಅಂಜಿಕಿ.”

ಅಷ್ಟರಲ್ಲಿ ದೊಡ್ಡಬಸವರಾಜ ಸಾಲಾಗಿ ಮೂರು ಸಲ ಸೀನಿದ. ಮೂಗು ಒರೆಸಿಕೊಳ್ಳುತ್ತ, “ಅಲ್ಲಿ ಎತ್ತರದಾಗ ಉಸಿರು ಹತ್ತಂಗಿಲ್ಲಂತವ್ವ,” ಎಂದ.

“ಡಾಕ್ಟರು ಎದಿ ನೋಡಿ, ನಿನ್ನ ಮಗನ ಎದಿಗಿಂತ ಗಟ್ಟಿ ಐತಿ ಅಂದಾನ. ನೀನೇ ಕರಕೊಂಡು ಹೋಗಿದ್ದೆಲ್ಲ?”

ಇಪ್ಪತ್ತು ನಿಮಿಷ ಹೀಗೇ ಕಳೆಯಿತು. ಆಮೇಲೆ ಜಂಬಮ್ಮನ ಮಾತು ಕಡಿಮೆಯಾಯಿತು. ಶೀಲಾ ಕಂಬಳಿಯೊಳಗೆ ಕೈ ತೂರಿಸಿ ಅಜ್ಜಿಯ ಕೈ ಹಿಡಿದಳು. ಬೆರಳುಗಳು ತಣ್ಣಗೆ ಸೆಟೆದಿದ್ದವು.

“ಸಾಕು ಏಳಜ್ಜಿ,” ಎಂದಳು ಕಿವಿಯ ಹತ್ತಿರ. “ಸ್ಪಿತಿ ಎಲ್ಲಿಗೂ ಓಡಿಹೋಗಂಗಿಲ್ಲ.”

“ಅದು ಓಡಂಗಿಲ್ಲ. ಈ ವಯಸ್ಸಿನಾಗ ಓಡಿಹೋಗಾಕಿ ನಾನು.”

ಶೀಲಾ ಅಜ್ಜಿಯ ಎರಡೂ ಕೈಗಳನ್ನು ತನ್ನ ಜರ್ಕಿನ್ನಿನ ಜೇಬಿಗೆ ಇಳಿಸಿಕೊಂಡಳು. ಮಗ ತನ್ನನ್ನೇ ನೋಡುತ್ತಿರುವುದು ಜಂಬಮ್ಮನಿಗೆ ಕಂಡಿತು. ಹಲ್ಲಿನ ಸದ್ದು ಅವನಿಗೆ ಕೇಳಿಸಬಾರದೆಂದು ದನಿ ಏರಿಸಿ ಕಥೆ ಶುರುಮಾಡಿದಳು.

“ಒಂದೂರಾಗ ಎಮ್ಮಿ ಕಾಯಾಕಿ ಒಬ್ಬಾಕಿ ಇದ್ಳು. ಮುಂಜಾನಿ ಹತ್ತು ಎಮ್ಮಿ ಹೊಡಕೊಂಡು ಹೋಗಾಕಿ. ಸಂಜಿಗೆ ಎಣಿಸಿದ್ರ ಹನ್ನೊಂದು.”

“ಬ್ಯಾರೇರ ಎಮ್ಮಿ ಸೇರಿಕೊಂಡಿರಬೇಕು,” ಎಂದ ದೊಡ್ಡಬಸವರಾಜ.

“ಹನ್ನೊಂದನೇದು ಬೆಳ್ಳಗ ಐತಿ. ಮೈತುಂಬ ಕೂದಲ. ಕೋಡಿನ ತುದಿಗೆ ಬರ್ಫು. ಸುಡುಸುಡು ಬಿಸಲಿನ ಊರಾಗ ಬರ್ಫು ಎಲ್ಲಿಂದ ಬಂತು? ಬೆಳಕು ಹರಿಯೂದ್ರಾಗ ಅದು ಉತ್ತರಕ್ಕ ಮುಖ ಮಾಡಿ ಹೊಂಟುಬಿಡ್ತಿತ್ತು. ಒಂದಿನ ಈಕಿ ಅದರ ಬಾಲ ಹಿಡಿದ್ಳು.”

ಹುಲಿಗೇಶ್ ಎದುರಿನ ಚೀಲದ ಮೇಲೆ ಕುಳಿತ. ಎಮ್ಮೆ ತುಂಗಭದ್ರೆ ದಾಟಿತು. ಗುಡ್ಡ ಹತ್ತಿತು, ಇಳಿಯಿತು. ಮರಗಳೆಲ್ಲ ಹಿಂದೆ ಉಳಿದವು. ಬಾಲ ಹಿಡಿದವಳ ಸೀರೆಯ ಅಂಚು ಹಪ್ಪಳದಂತೆ ಗಟ್ಟಿಯಾಯಿತು. ಕೊನೆಗೆ ಎಲ್ಲ ಬೆಳ್ಳಗಿರುವಲ್ಲಿ, ಬೆಟ್ಟದ ಮೈಯಲ್ಲೇ ಒಂದು ಬಾಗಿಲು. ಎಮ್ಮೆ ಕೋಡಿನಿಂದ ಅದನ್ನು ತಟ್ಟಿತು. ಒಳಗೆ ಯಾರೋ ಅಗಳಿ ತೆಗೆಯುವ ಸದ್ದು.

ಫೋನಿನ ಅಲಾರಂ ಹೊಡೆದುಕೊಂಡಿತು. ದೊಡ್ಡಬಸವರಾಜ ಅದರ ಬಾಯಿ ಮುಚ್ಚಿಸಿ, “ಯಾರಿದ್ರವ್ವ ಒಳಗ?” ಎಂದ.

“ತಾಸು ಆತಲ್ಲಪಾ.” ಜಂಬಮ್ಮ ಮೊಮ್ಮಗಳ ಭುಜ ಹಿಡಿದು ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು.

“ಯಾರಿದ್ರು ಹೇಳಿ ಏಳು.”

“ಅಲ್ಲಿಗೆ ಹೋದ ಮ್ಯಾಲೆ ಹೇಳ್ತೀನಿ.”

“ಅಮ್ಮಾರ, ನನಗರ ಹೇಳಿ ಹೋಗ್ರಿ,” ಎಂದು ಹುಲಿಗೇಶ್ ಬಾಗಿಲಿನವರೆಗೂ ಹಿಂದೆ ಬಂದ.

ಸಿರುಗುಪ್ಪದ ಬಸ್ಸು ಎರಡು ಊರು ದಾಟಿತು. ದೊಡ್ಡಬಸವರಾಜ ಮುಂದಿನ ಸೀಟಿನಿಂದ ತಿರುಗಿ, “ಸ್ಪಿತಿಗೆ ಟಿಕೆಟ್ ಮೂರು ತೆಗಿ,” ಎಂದ ಮಗಳಿಗೆ. “ಹೊಲದ ಕೆಲಸ ಹೆಂಗೂ ಮಳಿ ಬಂದ ಮ್ಯಾಲೇನ ಐತಿ.” ಹೇಳಿ, ಅದು ತನಗೇನೂ ದೊಡ್ಡ ವಿಷಯವಲ್ಲ ಎಂಬಂತೆ ಕಿಟಕಿಯಾಚೆ ನೋಡತೊಡಗಿದ.

ಶೀಲಾ ಮುಖ ಮುಚ್ಚಿಕೊಂಡು ನಕ್ಕಳು. ಅಜ್ಜಿಯ ಬೆರಳುಗಳಿಗೆ ಈಗ ಬಿಸಿ ಬಂದಿತ್ತು. ಅವುಗಳನ್ನು ಬಿಡದೆ, ಅಪ್ಪನಿಗೆ ಕೇಳದಂತೆ ಬಾಗಿದಳು.

“ನನಗಷ್ಟ ಹೇಳಜ್ಜಿ. ಬಾಗಿಲು ತೆಗೆದೋರು ಯಾರು?”

“ನನಗೇನು ಗೊತ್ತವಾ,” ಎಂದಳು ಜಂಬಮ್ಮ. “ಅಲ್ಲಿಂದ ಮುಂದಕ್ಕ ನಾನೂ ಹೋಗಿಲ್ಲ.”