ಗಾಳದ ದಾರ

“ಸಾಕು, ಇಲ್ಲಿಗೆ ನಿಲ್ಲಿಸೋಣ,” ಎಂದರು ಡಾಕ್ಟರ್ ಅಮಿಲ್ಕಾರ್.

“ನಿಲ್ಲಿಸಕೂಡದು,” ಎಂದಳು ದಿಯೊಲಿಂದ.

ಆವೇರೊ ಊರಿನ ಆ ಆಸ್ಪತ್ರೆಯಲ್ಲಿ ಅಮಿಲ್ಕಾರ್‌ಗೆ ಎದುರಾಡಿದವರೇ ಇರಲಿಲ್ಲ. ನರ್ಸ್ ಗ್ರಾಸ ತಲೆಯೆತ್ತಿ ಇಬ್ಬರನ್ನೂ ನೋಡಿದಳು.

ಪ್ರಜ್ಞೆ ತಪ್ಪಿಸದೆ, ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಚಿಕಿತ್ಸೆ. ಲಿವರಿನ ಗಡ್ಡೆಗೆ ಚುಚ್ಚಿದ ಸೂಜಿ ಮೈಕ್ರೋವೇವ್ ಹಾಯಿಸಿ ಅದನ್ನು ಸುಡುತ್ತಿತ್ತು. ಪಕ್ಕದಲ್ಲೇ ಕರುಳು. ಅಲ್ಲಿನ ಬಿಸಿ ಅಳೆಯಲು ಇಬ್ಬರು ಕಾವಲುಗಾರರು: ಡಾಕ್ಟರ ನೆಚ್ಚಿನ ಲೋಹದ ತಂತಿ, ಮತ್ತು ದಿಯೊಲಿಂದ ವರ್ಷಗಟ್ಟಲೆ ಒದ್ದಾಡಿ ಮಾಡಿದ, ಬೆಳಕು ಹಾಯುವ ಪ್ಲಾಸ್ಟಿಕ್ ಎಳೆ. ತಂತಿ ಐವತ್ತೊಂದು ಡಿಗ್ರಿ ಅನ್ನುತ್ತಿತ್ತು, ಎಳೆ ನಲವತ್ತು. ನಲವತ್ತೈದು ದಾಟಿದರೆ ಕರುಳಿಗೆ ಅಪಾಯ. ಈಗಲೇ ನಿಲ್ಲಿಸಿದರೆ ಗಡ್ಡೆಯ ಬೇರು ಉಳಿದು ಮತ್ತೆ ಚಿಗುರುತ್ತದೆ.

“ಇಂಜಿನಿಯರಮ್ಮಾ, ನಿಮ್ಮ ಗಾಳದ ದಾರ ನಂಬ್ಕೊಂಡು ನಾನು ಕರುಳು ಸುಡ್ಲಾ?”

“ಕಾದಿರೋದು ನಿಮ್ಮ ತಂತಿ, ಕರುಳಲ್ಲ. ಮೈಕ್ರೋವೇವ್ ಒಲೇಲಿ ಚಮಚ ಇಟ್ಟು, ಸೂಪು ಎಷ್ಟು ಬಿಸಿ ಅಂತ ಚಮಚಾನ ಕೇಳ್ತೀರಾ?”

“ಹೆಚ್ಚುಕಮ್ಮಿ ಆದ್ರೆ?”

“ಮೊದಲು ಅನುಭವಿಸೋಳು ನಾನು. ನಿಮ್ಮ ಮೇಲೆ ಯಾರೂ ದೂರು ಕೊಡಲ್ಲ, ಅದು ನನ್ನ ಮಾತು.”

ಬೆಳಗಿನಿಂದ ದಿಯೊಲಿಂದಳ ಬಾಯಿಗೆ ಒಂದು ಗುಟುಕು ಕಾಫಿಯೂ ಬಿದ್ದಿರಲಿಲ್ಲ. ಮೊಟ್ಟೆಯ ಸಿಹಿ ಹಿಡಿದು ಬಂದ ಅವಳ ಗಂಡನನ್ನು ಗ್ರಾಸ ಬಾಗಿಲಲ್ಲೇ ಗದರಿಸಿ ಕಳಿಸಿದ್ದಳು. ಕೋಣೆಯ ಚಳಿಗೆ ಪಾದಗಳು ಕೊರೆಯುತ್ತಿದ್ದವು. ನೀಲಿ ಬಟ್ಟೆಯ ಆಚೆ ನಡೆಯುವುದು ಅವಳಿಗೆ ಕಾಣುತ್ತಿರಲಿಲ್ಲ. ಜಗಳವಾಡಿ ತನ್ನ ಕಡೆ ತಿರುಗಿಸಿಕೊಂಡ ಅಂಕಿಗಳ ಪರದೆಯಷ್ಟೇ ಕಾಣುತ್ತಿತ್ತು. ಹೆದರಿಕೆಯಾಗಿತ್ತು, ಸುಳ್ಳಲ್ಲ. ಆದರೆ ತನ್ನ ಎಳೆಯನ್ನು ತಾನೇ ನಂಬದಿದ್ದರೆ ಇನ್ಯಾರು ನಂಬಬೇಕು?

“ಒಂದೇ ಒಂದು ಕ್ಷಣ ಯಂತ್ರ ಆರಿಸಿ. ಆಮೇಲೆ ಮಾತಾಡಿ.”

ಅಮಿಲ್ಕಾರ್ ಆರಿಸಿದರು. ತಂತಿಯ ಅಂಕಿ ಥಟ್ಟನೆ ನಲವತ್ತಕ್ಕೆ ಬಿತ್ತು. ಎಳೆಯ ಅಂಕಿ ಅಲುಗಲೂ ಇಲ್ಲ.

“ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕರುಳು ಅಷ್ಟು ತಣ್ಣಗಾಗುತ್ತಾ, ಡಾಕ್ಟ್ರೇ?”

ಅಮಿಲ್ಕಾರ್ ಮತ್ತೆ ಗುಂಡಿ ಒತ್ತಿದರು. ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಎಳೆ ಈಗ ನಲವತ್ತೊಂದು ಎಂದಿತು. ಆಮೇಲೆ ನಲವತ್ತೆರಡು. ಅದು ನಲವತ್ತಮೂರು ಮುಟ್ಟುವ ಹೊತ್ತಿಗೆ ಗಡ್ಡೆ ಬೇರುಸಹಿತ ಸುಟ್ಟುಹೋಗಿತ್ತು.

“ಎಂಥಾ ಮೊಂಡು ಹೆಂಗಸಪ್ಪಾ!” ಎಂದು ಅಮಿಲ್ಕಾರ್ ಗೊಣಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಈಗ ಹೇಳಿ ನೋಡೋಣ, ಗಾಳದ ದಾರ ಅಂತ!” ದಿಯೊಲಿಂದ ಗೆದ್ದ ಹುಮ್ಮಸ್ಸಿನಲ್ಲಿ ಏಳಲು ಹೋದಳು.

ಗ್ರಾಸ ಅವಳ ಭುಜವನ್ನು ಅದುಮಿ ಹಿಡಿದಳು. “ಅಲುಗಾಡ್ಬೇಡಿ ಇಂಜಿನಿಯರಮ್ಮಾ, ಸೂಜಿ ಇನ್ನೂ ನಿಮ್ಮ ಹೊಟ್ಟೇಲೇ ಇದೆ!”