ಫ್ರೇಟ್ಸ್ ಕೊಲ್ಲಿಯ ಸಣ್ಣ ಅಲೆ

ಕವಲು ದಾರಿಯಲ್ಲಿ ಯೂಲಲಿ ಕಾರನ್ನು ಬಲಕ್ಕೆ ತಿರುಗಿಸಿದ ಕೂಡಲೇ ಪಕ್ಕದಲ್ಲಿದ್ದ ಗಂಡ ಡಾರ್ನ್‌ಲಿ ಸೀಟಿನಲ್ಲಿ ನೆಟ್ಟಗಾದ.

“ಏ, ಬಾತ್‌ಶೀಬಾ ಎಡಕ್ಕೆ ಕಣೇ!”

“ಗೊತ್ತು. ನಾವು ಹೋಗ್ತಿರೋದು ಫ್ರೇಟ್ಸ್ ಕೊಲ್ಲಿಗೆ.”

“ಫ್ರೇಟ್ಸ್? ಅದೂ ಒಂದು ಸಮುದ್ರವಾ? ಬಚ್ಚಲು ತೊಟ್ಟಿ! ಚಿಳ್ಳೆಪಿಳ್ಳೆಗಳು ಹೋಗೋ ಜಾಗ!”

“ಡಾಕ್ಟರು ಸಣ್ಣ ಅಲೆ ಮಾತ್ರ ಅಂದಿದ್ದಾರೆ. ಬಾತ್‌ಶೀಬಾದಲ್ಲಿ ನಿನಗೇ ಅಂತ ಸಣ್ಣದೊಂದು ಎತ್ತಿಟ್ಟಿದ್ದಾರಾ? ಸುಮ್ಮನೆ ಕೂತ್ಕೋ.”

ಡಾರ್ನ್‌ಲಿಗೆ ಅರವತ್ತನಾಲ್ಕು. ಬಾರ್ಬಡೋಸಿನ ಪೂರ್ವ ದಂಡೆಯಲ್ಲಿ, ಬಾತ್‌ಶೀಬಾದ ಬಂಡೆಗಳೆದುರು ಏಳುವ ಆಳೆತ್ತರದ ಅಲೆಗಳ ಮೇಲೆ ಹಲಗೆಯಲ್ಲಿ ನಿಂತು ಸರ್ಫಿಂಗ್ ಮಾಡುತ್ತಾ ಬೆಳೆದವನು. ಸೊಂಟದ ಕೀಲು ಬದಲಾಯಿಸಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿಂದೀಚೆಗೆ ನೀರಿಗಿಳಿದಿರಲಿಲ್ಲ. ಬೆಳಗಾದರೆ ಜಗಲಿಯಲ್ಲಿ ಕೂತು, ಗಾಳಿ ಯಾವ ಕಡೆಯದೆಂದು ಮೂಗರಳಿಸಿ ನೋಡಿ, ಗೆಳೆಯರಿಗೆಲ್ಲ ಫೋನು ಮಾಡಿ “ಇವತ್ತು ಇಂಥಲ್ಲಿಗೆ ಹೋಗ್ರೋ, ಅಲೆ ಚೆನ್ನಾಗಿರುತ್ತೆ” ಎಂದು ಹೇಳುವುದಷ್ಟೇ ಅವನ ಪಾಲಿಗೆ ಉಳಿದಿತ್ತು. ಇವತ್ತು ಕೊನೆಗೂ ಅವನ ಸರದಿ. ಆದರೂ ಒಳಗೊಳಗೇ ಪುಕುಪುಕು. ಮೆಟ್ಟಿಲು ಹತ್ತುವಾಗಲೇ ತಡವರಿಸುವ ಎಡಗಾಲು, ಓಡುವ ಹಲಗೆಯ ಮೇಲೆ ಎದ್ದು ನಿಲ್ಲದೇ ಹೋದರೆ? ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ದಿಬ್ಬದ ಮೇಲೆ ಕಾರು ನಿಲ್ಲಿಸಿ ಇಬ್ಬರೂ ಕೊಲ್ಲಿಗೆ ಇಳಿದರು. ಗುರುತಿನವರು ಯಾರಾದರೂ ಕಂಡುಬಿಟ್ಟಾರೆಂದು ಡಾರ್ನ್‌ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಮರಳಲ್ಲಿ ಐದಾರು ಜನ ಹಲಗೆಗಳ ಮೇಲೆ ಬೋರಲು ಮಲಗಿ, ಇಲ್ಲದ ನೀರಲ್ಲಿ ಕೈ ಬೀಸುತ್ತಿದ್ದರು. ಅವರಿಗೆ ಕಲಿಸುತ್ತಿದ್ದ ಜನೀಲ್ ಎಂಬ ತರುಣಿ ಇವನನ್ನು ಕಂಡು ನಗುನಗುತ್ತಾ ಬಂದಳು.

“ಹೊಸಬರಾ ಅಂಕಲ್? ಹೆದರ್ಬೇಡಿ. ಮೊದಲು ಹಲಗೆ ಮೇಲೆ ಮಲಗೋದು ಕಲಿಯೋಣ.”

ಡಾರ್ನ್‌ಲಿಯ ಕಿವಿ ಬಿಸಿಯಾಯಿತು. “ಏನಮ್ಮಾ, ನೀನು ಹುಟ್ಟೋಕೆ ಮುಂಚೆನೇ ನಾನು...”

“ಹೊಸಬರೇ ಕಣಮ್ಮ, ಇಬ್ಬರೂ,” ಎಂದು ಯೂಲಲಿ ನಡುವೆ ಬಾಯಿ ಹಾಕಿದಳು. “ನನಗೂ ಒಂದು ಹಲಗೆ ಕೊಡು.”

“ನಿನಗಾ?” ಡಾರ್ನ್‌ಲಿ ಬಾಯಿ ಬಿಟ್ಟ.

“ಯಾಕೆ, ಸಮುದ್ರ ನಿಮ್ಮಪ್ಪನ ಮನೇದಾ?”

ಇಡೀ ಜೀವಮಾನ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ಹೆಂಗಸು, ಚಪ್ಪಲಿ ಬಿಟ್ಟು ಮರಳಲ್ಲಿ ಬೋರಲು ಮಲಗಿಯೇಬಿಟ್ಟಳು. ಗತಿಯಿಲ್ಲದೆ ಡಾರ್ನ್‌ಲಿಯೂ ಅವಳ ಪಕ್ಕ ಮಲಗಿ ಕೈ ಬೀಸಿದ.

ನೀರಿಗಿಳಿದ ಮೇಲೆ ಮೊದಲನೇ ಅಲೆಗೆ ಅವನು ಉರುಳಿದ. ಎರಡನೆಯದಕ್ಕೆ ಮಂಡಿಯೂರುವವರೆಗೆ ಬಂದು, ಎಡಗಾಲು ಮರದ ತುಂಡಿನಂತೆ ಸೆಟೆದು, ಮತ್ತೆ ಉರುಳಿದ. ಸೊಂಟದೆತ್ತರಕ್ಕೂ ಬಾರದ ಅಲೆಗಳು! ಮೂರನೆಯದನ್ನು ಬೇಕೆಂದೇ ಬಿಟ್ಟು, ಯಾರಿಗೂ ಮುಖ ಕಾಣದ ಹಾಗೆ ಕಡಲ ಕಡೆ ತಿರುಗಿ ಹಲಗೆಯ ಮೇಲೆ ಕೂತ. ಆಮೆಯೊಂದು ತಲೆ ಎತ್ತಿ ಅವನನ್ನು ನೋಡಿತು.

“ನೀನೂ ನೋಡಿದ್ಯಾ? ಹೋಗು, ಊರಿಗೆಲ್ಲ ಹೇಳು,” ಎಂದ.

ಅಷ್ಟರಲ್ಲಿ ಹಿಂದಿನಿಂದ ಕಿಟಾರನೆ ಕಿರುಚಿದ್ದು ಕೇಳಿಸಿತು. ತಿರುಗಿ ನೋಡಿದರೆ ಯೂಲಲಿ! ಅಲೆಯ ಮೇಲೆ ನಿಂತಿದ್ದಾಳೆ! ಮಂಡಿ ಬಗ್ಗಿಸಿ, ಅಂಡು ಹಿಂದಕ್ಕೆ ಚಾಚಿ, ಹಗ್ಗಕ್ಕೆ ಬಟ್ಟೆ ಹರವುವವಳಂತೆ ಎರಡೂ ಕೈ ಅಗಲಿಸಿ, “ಯಾರಾದ್ರೂ ಇದನ್ನ ನಿಲ್ಲಿಸ್ರೋ!” ಎಂದು ಕೂಗುತ್ತಾ ಹೋಗುತ್ತಿದ್ದಾಳೆ. ಈಜುತ್ತಿದ್ದವರೆಲ್ಲ ದಾರಿ ಬಿಟ್ಟರು. ದಡ ಮುಟ್ಟುವವರೆಗೆ ಹೋಗಿ ಮರಳಿಗೆ ಧೊಪ್ಪನೆ ಬಿದ್ದಳು. ಕೊಲ್ಲಿಗೆ ಕೊಲ್ಲಿಯೇ ಸಿಳ್ಳೆ ಹೊಡೆಯಿತು.

ಡಾರ್ನ್‌ಲಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ನಗುತ್ತಿರುವಾಗಲೇ ಮತ್ತೊಂದು ಅಲೆ ಹಲಗೆಯ ಬಾಲವನ್ನೆತ್ತಿತು. ಅವನು ಬೋರಲಾಗಿ, ರೂಢಿಯ ಬಲದಲ್ಲಿ ನಾಲ್ಕು ಸಲ ಕೈ ಬೀಸಿದ. ಮುಂದೇನಾಯಿತೋ ಅವನಿಗೇ ತಿಳಿಯದು. ಕಾಲ ಕೆಳಗೆ ನೀರು ಸುಯ್ಯೆಂದು ಓಡುತ್ತಿತ್ತು, ಅವನು ನಿಂತಿದ್ದ! ಎಡಗಾಲು ಥರಥರ ನಡುಗುತ್ತಿತ್ತು, ಆದರೆ ಕೈಬಿಡಲಿಲ್ಲ. ಬಾತ್‌ಶೀಬಾದ ದೈತ್ಯ ಅಲೆಗಳ ಮೇಲೂ ಎಂದೂ ಹಾಕದ ಕೇಕೆಯನ್ನು ಅವನು ಆ ಪುಟಾಣಿ ಅಲೆಯ ಮೇಲೆ ಹಾಕಿದ.

“ಸುಳ್ಳು ಹೇಳಿದ್ರಿ ಅಂಕಲ್!” ಎಂದು ಜನೀಲ್ ನೀರಿನಿಂದಲೇ ಕೂಗಿದಳು. “ಇದು ಹೊಸಬರು ನಿಲ್ಲೋ ರೀತಿನಾ?”

ಇನ್ನೂ ಮೂರು ಅಲೆ ಹಿಡಿದು ಅವನು ದಡಕ್ಕೆ ಬಂದ. ದಡದ ಗಾಡಿಯಲ್ಲಿ ಕೊಂಡ ಬಿಸಿ ಮೀನಿನ ವಡೆಯನ್ನು ಬನ್ನಿನ ನಡುವೆ ಇಟ್ಟುಕೊಂಡು ಇನ್ನೇನು ಕಚ್ಚಬೇಕು, ಮತ್ತೆ ನೀರಿಗಿಳಿದಿದ್ದ ಯೂಲಲಿಯ ಹಲಗೆ ಮಗುಚಿಕೊಂಡು ಒಂಟಿಯಾಗಿ ತೇಲುವುದು ಕಂಡಿತು. ಅವಳಿಲ್ಲ. ಬನ್ನನ್ನು ಅಲ್ಲೇ ಎಸೆದು, ಹೊಸ ಕೀಲಿನ ನೆನಪೂ ಇಲ್ಲದೆ, ಅವನು ನೀರಿಗೆ ಓಡಿದ. ಎದೆಮಟ್ಟ ತಲುಪುವಷ್ಟರಲ್ಲಿ ಅವಳು ಕೆಮ್ಮುತ್ತಾ, ಉಗುಳುತ್ತಾ, ನಗುತ್ತಾ ಎದುರಿಗೇ ಎದ್ದಳು.

“ಎಷ್ಟು ಹೊತ್ತೇ ಮುಳುಗೋದು! ನನ್ನ ಜೀವ ಬಾಯಿಗೆ ಬಂದಿತ್ತು!”

“ಎಷ್ಟು ಹೊತ್ತು? ಮೂರು ಎಣಿಸೋದ್ರೊಳಗೆ ಎದ್ದೆನಲ್ಲೋ,” ಎಂದಳು ಯೂಲಲಿ, ಹಲಗೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾ. “ಬಾತ್‌ಶೀಬಾದ ಬಂಡೆ ಮೇಲೆ ಕೂತು, ನೀನು ಏಳೋದನ್ನ ಕಾಯ್ತಾ, ನಾನು ಒಂದ್ಸಲ ನಲವತ್ತೊಂದರವರೆಗೆ ಎಣಿಸಿದ್ದೀನಿ.”

ಅಷ್ಟು ಹೇಳಿ ಬೋರಲು ಮಲಗಿ, ಮುಂದಿನ ಅಲೆಗೆ ಕೈ ಬೀಸುತ್ತಾ ಹೊರಟುಹೋದಳು.