ಪಕ್ಕದ ಕುರ್ಚಿ

ಸೀಟಿ ಊದುವುದಕ್ಕೆ ಮೊದಲೇ ಮುದುಕ ಮತ್ತೆ ಎದ್ದ.

ಎರಡೂ ತಂಡಗಳು ಆಗಷ್ಟೇ ರೆಫರಿಗಳ ಹಿಂದೆ ಸಾಲಾಗಿ ಮೈದಾನಕ್ಕೆ ಬರುತ್ತಿದ್ದವು. ಮುದುಕ ಕಣ್ಣು ಕಿರಿದು ಮಾಡಿ ಆ ಸಾಲನ್ನು ನೋಡಿದ, ಉಸಿರು ಬಿಟ್ಟ, ಟೋಪಿ ಸರಿಮಾಡಿಕೊಂಡು ಮೆಟ್ಟಿಲತ್ತ ನಡೆದ. ಟಿಕೆಟ್ ಕೊಂಡು ಒಳಗೆ ಬಂದು, ಆಟ ನೋಡದೆ ಹೋಗುವ ಪ್ರಾಣಿಯನ್ನು ಚುನ್ಹಿ ತನ್ನ ಐವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಲೀಗ್ ಶುರುವಾದ ಮಾರ್ಚ್‌ನಿಂದ ಈತನದು ಇದೇ ಚಾಳಿ. ಇವತ್ತಿಗೆ ಒಂಬತ್ತು ಸಲವಾಯಿತು.

ಕೊರಿಯಾದ ಕಡಲೂರು ಗುನ್ಸಾನ್‌ನ ಫುಟ್‌ಬಾಲ್ ತಂಡದ ಸೀಸನ್ ಟಿಕೆಟ್ ಚುನ್ಹಿಯ ಬಳಿ ಯಾವಾಗಲೂ ಎರಡು ಇರುತ್ತಿದ್ದವು. ಒಂದು ಅವಳದು, ಇನ್ನೊಂದು ಗಂಡನದು. ಗಂಡ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದರೂ ಅವಳು ಎರಡನ್ನೂ ಕೊಳ್ಳುವುದು ಬಿಟ್ಟಿರಲಿಲ್ಲ. ಆ ಖಾಲಿ ಕುರ್ಚಿಯಲ್ಲಿ ಮೊದಲ ಪಂದ್ಯದ ದಿನವೇ ಈ ಮುದುಕ ತಪ್ಪಿ ಕೂತ. ಏಳಿಸಬೇಕೆಂದು ಬಾಯಿ ತೆರೆದವಳು ಅದೇಕೋ, ಕಿಂಬಾಪ್ ತಿಂತೀರಾ ಎಂದು ಕೇಳಿಬಿಟ್ಟಳು. ಅಲ್ಲಿಂದ ಅದು ಅವನ ಕುರ್ಚಿಯಾಯಿತು.

ಪ್ರತಿ ಪಂದ್ಯಕ್ಕೂ ಅವಳು ಕಡಲಪಾಚಿಯಲ್ಲಿ ಅನ್ನ ಸುತ್ತಿದ ಎರಡು ಸುರುಳಿ ಕಿಂಬಾಪ್ ಡಬ್ಬಿಗೆ ಹಾಕಿಕೊಂಡು ಬರುವಳು. ಮುದುಕ ಎರಡು ತುಂಡು ತಿಂದು, ತಂಡಗಳು ಬಂದೊಡನೆ ಎದ್ದು ಹೋಗುವ. ಉಳಿದದ್ದನ್ನು ಅವಳೊಬ್ಬಳೇ ತಿನ್ನಬೇಕು. ಗೋಲಾದಾಗ ಮೊಣಕೈಯಿಂದ ತಿವಿಯಲು ಪಕ್ಕದಲ್ಲೊಂದು ಜೀವವಿಲ್ಲದಿದ್ದರೆ ಅದೆಂಥ ಗೋಲು? ಒಂದೇ ಒಂದು ಪಂದ್ಯ ಈ ಮನುಷ್ಯ ಕೊನೆಯವರೆಗೆ ಕೂತರೆ ಸಾಕು ಎಂದು ಅವಳಿಗೆ ಆಸೆ. ತಂಡ ಗೆಲ್ಲುವುದಕ್ಕಿಂತ ಅದನ್ನೇ ಹೆಚ್ಚು ಬಯಸುತ್ತಿದ್ದಳು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

“ಯಾರನ್ನ ಹುಡುಕ್ತೀರಾ ಯಜಮಾನ್ರೇ?” ಮುಂದಿನ ಪಂದ್ಯದಲ್ಲಿ ತಡೆಯಲಾರದೆ ಕೇಳಿದಳು. “ನಿಮ್ಮ ಮಗಳನ್ನ ಓಡಿಸ್ಕೊಂಡು ಹೋದೋನು ನಮ್ಮ ಟೀಮಲ್ಲಿದ್ದಾನಾ?”

ಮುದುಕ ನಕ್ಕ. “ಮಗಳಿಲ್ಲಮ್ಮ. ಒಬ್ಬ ಮಗ.”

“ಏನ್ ಕೆಲಸ?”

“ವಾರಕ್ಕೊಂದು ಊರು. ಹೋದಲ್ಲೆಲ್ಲ ಬೈಸ್ಕೊಳ್ಳೋದು.”

“ಗೊತ್ತಾಯ್ತು ಬಿಡಿ, ಇನ್ಶೂರೆನ್ಸು. ಮನೆಗೆ ಬರ್ತಾನಾ?”

“ಆ ಕೆಲಸಕ್ಕೆ ಸೇರಿದ್ರೆ ನನ್ನ ಹೊಸ್ತಿಲು ತುಳೀಬೇಡ ಅಂದಿದ್ದೆ. ಹೇಳಿದ ಮಾತು ಕೇಳೋ ಹುಡುಗ. ನಾಲ್ಕು ವರ್ಷ ಆಯ್ತು, ತುಳಿದಿಲ್ಲ.”

“ಒಂದು ಫೋನ್ ಮಾಡೋದಪ್ಪ!”

“ಮಾಡಿ ಏನನ್ನಲಿ?” ಎಂದ ಮುದುಕ. ಅಷ್ಟರಲ್ಲಿ ತಂಡಗಳು ಹೊರಬಂದವು. ಅವನು ನೋಡಿದ, ಎದ್ದ, ಹೋದ.

ಬೇಸಿಗೆ ಮುಗಿಯುವ ಹೊತ್ತಿಗೆ ಗುನ್ಸಾನ್ ಪಟ್ಟಿಯ ತಳ ಸೇರಿತು. ಸೋಲಿಗೆಲ್ಲ ರೆಫರಿಗಳೇ ಕಾರಣವೆಂಬುದು ಚುನ್ಹಿಯ ಗಟ್ಟಿ ನಂಬಿಕೆ.

“ಯಾವ ಮ್ಯಾಚಿಗೆ ಯಾವೋನು ಅಂತ ಮುಂಚೆ ಹೇಳೋದೇ ಇಲ್ಲ ನೋಡಿ,” ಎಂದು ಒಂದು ದಿನ ಸಿಡುಕಿದಳು. “ಲಂಚಗಿಂಚ ನಡೀಬಾರ್ದಂತೆ. ಮನೆಯವರಿಗೂ ಹೇಳೋ ಹಾಗಿಲ್ವಂತೆ. ಹೇಳಿದ್ರೆ ಬೈಗುಳ ಮನೇಲೇ ಜೋಡಿಸ್ಕೊಂಡು ಬರಬಹುದಿತ್ತು.”

“ಹೌದಮ್ಮ,” ಎಂದ ಮುದುಕ. “ಹೇಳಿದ್ರೆ ಅನುಕೂಲವಾಗ್ತಿತ್ತು.”

ನವೆಂಬರ್ ಕೊನೆಗೆ ಕೊನೆಯ ಪಂದ್ಯ ಬಂತು. ಡ್ರಾ ಆದರೂ ಸಾಕು, ಗುನ್ಸಾನ್ ಮೇಲಿನ ಲೀಗಿನಲ್ಲಿ ಉಳಿಯುತ್ತಿತ್ತು. ಸಮುದ್ರದ ಗಾಳಿ ಕಿವಿ ಕೊರೆಯುತ್ತಿತ್ತು. ತಂಡಗಳು ಸಾಲಾಗಿ ಹೊರಬಂದವು. ಚುನ್ಹಿ ಮುದುಕನಿಗೆ ದಾರಿ ಬಿಡಲು ಮಂಡಿ ಮಡಚಿಕೊಂಡಳು.

ಮುದುಕ ಏಳಲಿಲ್ಲ.

“ಇವತ್ತು ಹೋಗಲ್ವಾ?”

“ಇಲ್ಲಮ್ಮ. ಪೂರ್ತಿ ನೋಡ್ತೀನಿ.”

ಚುನ್ಹಿ ಮುಖ ಆಚೆ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದಕ್ಕೆ ಗಾಳಿಯ ನೆಪ ಹೇಳಬಹುದಿತ್ತು, ಆದರೆ ಯಾರೂ ಕೇಳಲಿಲ್ಲ. ಮೂವತ್ತನೆಯ ನಿಮಿಷ ಗುನ್ಸಾನ್ ಗೋಲು ಹೊಡೆದಾಗ ಅವಳು ಮನಸಾರೆ ಮುದುಕನ ಪಕ್ಕೆಗೆ ತಿವಿದಳು. ಅವನು ಬೆಚ್ಚಿದ. ಎಲ್ಲರೂ ಗೋಲಿನತ್ತ ನೋಡುತ್ತಿದ್ದಾಗ ಅವನ ಕಣ್ಣು ಮೈದಾನದ ನಡುವೆಲ್ಲೋ ನೆಟ್ಟಿತ್ತು. ಪಾಪ, ಆಟ ಗೊತ್ತಿಲ್ಲ, ಕಲಿಸಿದರಾಯಿತು ಎಂದುಕೊಂಡಳು. ಮುಂದಿನ ವರ್ಷಕ್ಕೆ ಮೂರು ಸುರುಳಿ ತರಬೇಕೆಂದೂ ಅಂದುಕೊಂಡಳು.

ವಿರಾಮದ ನಂತರ ಎದುರಾಳಿ ಸಮ ಮಾಡಿತು. ಎಂಬತ್ತೆಂಟನೆಯ ನಿಮಿಷ ರೆಫರಿ ಸೀಟಿ ಊದಿ ಗುನ್ಸಾನ್ ಗೋಲಿನ ಮುಂದಿನ ಬಿಳಿ ಚುಕ್ಕೆಯತ್ತ ಕೈ ತೋರಿಸಿದ. ಪೆನಾಲ್ಟಿ.

ಸ್ಟೇಡಿಯಂ ಹುಚ್ಚೆದ್ದಿತು. ಚುನ್ಹಿ ಕುರ್ಚಿಯ ಮೇಲೆ ಹತ್ತಿ ನಿಂತಳು. “ಕಣ್ಣು ಬಿಡೋ ಮುಠ್ಠಾಳ! ಇವನನ್ನ ಹೆತ್ತೋರು ಏನು ಕಲಿಸಿದ್ರೋ!”

“ಏನೂ ಕಲಿಸಿರಲಿಕ್ಕಿಲ್ಲ,” ಎಂದ ಮುದುಕ ಮೆಲ್ಲಗೆ. “ಚೆಂಡು ಮಾತ್ರ ನಮ್ಮ ಆಟಗಾರನ ಕೈಗೆ ತಗುಲಿದ್ದು ನಿಜಮ್ಮ.”

ಪೆನಾಲ್ಟಿ ಗೋಲಾಯಿತು. ಗುನ್ಸಾನ್ ಸೋತು ಕೆಳಗಿನ ಲೀಗಿಗೆ ಬಿತ್ತು. ಆಟಗಾರರು ಸಾಲಾಗಿ ಬಂದು ಅಭಿಮಾನಿಗಳ ಮುಂದೆ ಸೊಂಟ ಬಾಗಿಸಿ ನಿಂತರು. ಜನ ಅತ್ತರು. ಕೆಲವರು ಬಾಟಲಿ ಎಸೆದರು. ಮುದುಕ ಎದ್ದ.

“ಈ ಡಬ್ಬಿ ತಗೊಳ್ಳಲಾ?”

“ತಗೊಳ್ಳಿ! ಎಸೀರಿ ಆ ರೆಫರಿ ಮೂತಿಗೆ! ನನ್ನ ಲೆಕ್ಕದಲ್ಲೂ ಒಂದು ಎಸೀರಿ!”

ಮುದುಕ ಕಿಂಬಾಪ್ ಉಳಿದಿದ್ದ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು, ಮೈದಾನದಿಂದ ಒಳಗೆ ಹೋಗುವ ದಾರಿಯ ಪಕ್ಕದ ಕಂಬಿಯತ್ತ ನಡೆದ. ಅವನ ಮುಖ ನೋಡಿ ಚುನ್ಹಿಗೆ ಹೆದರಿಕೆಯಾಯಿತು. ಹಿಂದೆಯೇ ಓಡಿದಳು. “ಬೇಡ ಯಜಮಾನ್ರೇ, ತಮಾಷೆಗಂದೆ! ಪೊಲೀಸ್ರು ಹಿಡ್ಕೊಂಡ್ಹೋಗ್ತಾರೆ!”

ಕಾವಲಿನವರ ನಡುವೆ ರೆಫರಿ ತಲೆ ತಗ್ಗಿಸಿ ಬರುತ್ತಿದ್ದ. ಮುದುಕ ಕಂಬಿಯ ಮೇಲೆ ಬಾಗಿದ. ಎಲ್ಲರೂ ಬೈಯುತ್ತಿದ್ದ ಆ ಗದ್ದಲದಲ್ಲಿ ಗಂಟಲು ಹರಿಯುವಂತೆ ಕೂಗಿದ.

“ಊಟ ಮಾಡಿದ್ಯೇನೋ?”

ರೆಫರಿ ನಿಂತ. ತಲೆಯೆತ್ತಿದ. ಬೆರಳುಗಳ ನಡುವಿನ ಸೀಟಿ ಕೆಳಗೆ ಬಿತ್ತು.

“ಇನ್ನೂ ಇಲ್ಲ, ಅಪ್ಪಾ.”